ಕಸವೆಂಬ ತೀರ್ಪು

ಹನ್ನೆರಡು ವರ್ಷಕ್ಕೊಮ್ಮೆ ತಿಪ್ಪೆಗೂ ಒಂದು ಕಾಲ ಬರುತ್ತದೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಗುವಿಗೋ ಸಮಾಧಾನಕ್ಕೋ ಬಳಸುತ್ತೇವೆ. ಆದರೆ ಅದರೊಳಗೆ ಗಂಭೀರವಾದ ವಿಚಾರವೊಂದು ಅಡಗಿದೆ. ತಿಪ್ಪೆಯಲ್ಲಿ ಬಿದ್ದಿರುವ ಯಾವ ವಸ್ತುವೂ ಹುಟ್ಟಿನಿಂದ ಕಸವಾಗಿರಲಿಲ್ಲ. ಯಾರೋ ಒಬ್ಬರು, ಯಾವುದೋ ಒಂದು ಹೊತ್ತಿನಲ್ಲಿ, ಇದು ಇನ್ನು ಬೇಡವೆಂದರು. ಅಂದಿನಿಂದ ಅದು ಕಸವಾಯಿತು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆಹೊಲದ ರೈತನಿಗೆ ಈ ಮಾತನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮನೆಯಾಕೆ ಹೊರಗೆ ಚೆಲ್ಲಿದ ಸಗಣಿ, ಬೂದಿ, ಮೇವಿನ ಕಡ್ಡಿಗಳನ್ನೆಲ್ಲ ಅವನು ಮಳೆಗಾಲಕ್ಕೆ ಮುಂಚೆ ಬಂಡಿಗೆ ತುಂಬಿ ಹೊಲಕ್ಕೆ ಒಯ್ಯುತ್ತಾನೆ. ಮನೆಗೆ ಕಸವಾದುದು ತೊಗರಿಗೂ ಜೋಳಕ್ಕೂ ಅನ್ನವಾಗುತ್ತದೆ. ಕಲ್ಲು, ನೀರು, ಮಣ್ಣು ಎಂಬವು ವಸ್ತುಗಳ ಹೆಸರುಗಳು. ಕಸವೆಂಬುದು ಒಂದು ತೀರ್ಪಿನ ಹೆಸರು.

ತೀರ್ಪು ಎಂದ ಮೇಲೆ ತೀರ್ಪು ಕೊಡುವವನೊಬ್ಬ ಇರಬೇಕು. ಅವನ ಮುಂದೆ ಸಾಕ್ಷ್ಯವಿರಬೇಕು. ಅವನು ತಪ್ಪುವ ಸಂಭವವೂ ಇರಲೇಬೇಕು. ಬಿಸಾಡುವ ವಿಷಯದಲ್ಲಿ ಆಗಬಹುದಾದ ತಪ್ಪುಗಳು ಎರಡು. ಕಸವನ್ನು ಕಸವಲ್ಲವೆಂದು ಉಳಿಸಿಕೊಳ್ಳುವುದು ಒಂದು. ಕಸವಲ್ಲದ್ದನ್ನು ಕಸವೆಂದು ಗುಡಿಸಿ ಹಾಕುವುದು ಮತ್ತೊಂದು. ಈ ಎರಡು ತಪ್ಪುಗಳೂ ಸಮತೂಕದವೇ? ಬಿಸಾಡುವ ಅಧಿಕಾರ ಯಾರಿಗೆ, ಯಾವ ಆಧಾರದ ಮೇಲೆ ಬರುತ್ತದೆ? ಈ ಪ್ರಶ್ನೆಗಳನ್ನು ಧರ್ಮಶಾಸ್ತ್ರಕ್ಕಿಂತ ಬಿಗಿಯಾಗಿ ಎದುರಿಸಬೇಕಾಗಿ ಬಂದವರು, ಆಶ್ಚರ್ಯದ ಮಾತೆಂದರೆ, ಗಣಕಯಂತ್ರದ ಪಂಡಿತರು. ಅವರು ಕೊಟ್ಟ ಉತ್ತರವನ್ನು ನಾವು ಕನ್ನಡದ ಓದುಗರೂ ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಗಣಕದ ಸ್ಮೃತಿಯನ್ನು ಸಾಲುಮನೆಗಳ ಒಂದು ದೊಡ್ಡ ಕೇರಿಯೆಂದು ಭಾವಿಸೋಣ. ಪ್ರತಿ ಮನೆಗೂ ಒಂದು ಸಂಖ್ಯೆ. ಅದೇ ಅದರ ವಿಳಾಸ. ಪ್ರೋಗ್ರಾಂ ನಡೆಯುತ್ತಿರುವಾಗ ಅದಕ್ಕೆ ಬೇಕಾದ ಅಂಕಿಗಳೂ ಹೆಸರುಗಳೂ ಒಂದೊಂದು ಮನೆಯಲ್ಲಿ ಬಿಡಾರ ಹೂಡುತ್ತವೆ. ಕೆಲಸ ಮುಗಿದ ಬಿಡಾರವನ್ನು ತೆರವು ಮಾಡಬೇಕು. ಇಲ್ಲವಾದರೆ ಕೇರಿಯೆಲ್ಲ ತುಂಬಿ ಹೊಸಬರಿಗೆ ಜಾಗವಿಲ್ಲದಂತಾಗಿ ಯಂತ್ರವೇ ನಿಂತುಹೋಗುತ್ತದೆ. ಮೊದಲಿಗೆ ಈ ತೆರವಿನ ಭಾರವೆಲ್ಲ ಪ್ರೋಗ್ರಾಂ ಬರೆಯುವವನ ಮೇಲೆಯೇ ಇತ್ತು. ಅವನು ಮರೆತರೆ ಕೇರಿ ತುಂಬುತ್ತಿತ್ತು. ಅವಸರಪಟ್ಟರೆ ಅದಕ್ಕಿಂತ ದೊಡ್ಡ ಅನರ್ಥವಾಗುತ್ತಿತ್ತು. ಹಳೆಯ ಒಕ್ಕಲನ್ನು ಎಬ್ಬಿಸಿ ಹೊಸ ಒಕ್ಕಲನ್ನು ಕೂರಿಸಿದ ಮೇಲೆಯೂ ಹಳೆಯ ವಿಳಾಸ ಎಲ್ಲಿಯೋ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಅದನ್ನು ನಂಬಿ ಬರೆದ ಕಾಗದ ಹೊಸಬನ ಕೈಗೆ ಬೀಳುತ್ತದೆ. ಅವನು ಅದನ್ನು ತನ್ನದೆಂದೇ ತಿಳಿದು ನಡೆದುಕೊಳ್ಳುತ್ತಾನೆ. ಯಂತ್ರವು ಆಗ ಕೂಗಿಕೊಳ್ಳುವುದೂ ಇಲ್ಲ. ಏನೂ ಆಗಿಲ್ಲವೆಂಬಂತೆ ತಪ್ಪು ಉತ್ತರವನ್ನು ಕೊಡುತ್ತ ಹೋಗುತ್ತದೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಜಾನ್ ಮೆಕಾರ್ಥಿಯವರು 1958ರಲ್ಲಿ ಲಿಸ್ಪ್ ಎಂಬ ಗಣಕಭಾಷೆಯ ಕೆಲಸವನ್ನು ಆರಂಭಿಸಿದಾಗ ಈ ಭಾರವನ್ನು ಯಂತ್ರಕ್ಕೇ ವಹಿಸುವ ಉಪಾಯವನ್ನು ಹೂಡಿದರು. 1960ರ ಏಪ್ರಿಲ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಅದರ ವಿವರವಿದೆ. ಈ ವ್ಯವಸ್ಥೆಗೆ ‘ಗಾರ್ಬೇಜ್ ಕಲೆಕ್ಷನ್’, ಅಂದರೆ ಕಸ ಎತ್ತುವುದು, ಎಂಬ ಬೀದಿಯ ಹೆಸರೇ ನಿಂತಿತು. ಇಂದು ನಮ್ಮ ಜೇಬಿನ ಫೋನಿನೊಳಗೂ ಈ ಜಾಡಮಾಲಿ ಹಗಲಿರುಳು ದುಡಿಯುತ್ತಿದ್ದಾನೆ.

ಅವನು ಕೆಲಸ ಮಾಡುವ ಕ್ರಮ ಹೀಗಿದೆ. ಆ ಕ್ಷಣದಲ್ಲಿ ಪ್ರೋಗ್ರಾಂ ತನ್ನ ಕೈಯಲ್ಲಿ ಹಿಡಿದಿರುವ ವಿಳಾಸಗಳನ್ನು ಮೊದಲು ಆರಿಸಿಕೊಳ್ಳುತ್ತಾನೆ. ಅವುಗಳಿಗೆ ಬೇರುಗಳೆಂದು ಹೆಸರು. ಒಂದೊಂದು ಬೇರಿನಿಂದ ಹೊರಟು ಆ ಮನೆಗೆ ಹೋಗುತ್ತಾನೆ, ಬಾಗಿಲಿಗೆ ಸುಣ್ಣದ ಗುರುತು ಹಾಕುತ್ತಾನೆ. ಆ ಮನೆಯೊಳಗೆ ಬೇರೊಂದು ಮನೆಯ ವಿಳಾಸವಿದ್ದರೆ ಅಲ್ಲಿಗೂ ಹೋಗುತ್ತಾನೆ. ಹೀಗೆ ದಾರಿ ಇರುವಷ್ಟು ದೂರವೂ ನಡೆದು, ಗುರುತಿಲ್ಲದೆ ಉಳಿದ ಮನೆಗಳನ್ನು ಮಾತ್ರ ಖಾಲಿಯೆಂದು ಬರೆದುಕೊಳ್ಳುತ್ತಾನೆ. ಮೊದಲ ವಿಧಾನದಲ್ಲಿ ಈ ಎಣಿಕೆ ಮುಗಿಯುವವರೆಗೆ ಉಳಿದೆಲ್ಲ ಕೆಲಸವೂ ನಿಲ್ಲಬೇಕಾಗಿತ್ತು. ಓಡಾಡುತ್ತಿರುವ ಜನರನ್ನು ಎಣಿಸಹೊರಟರೆ ಇಲ್ಲಿಂದ ಅಲ್ಲಿಗೆ ಸರಿದವನೊಬ್ಬ ಎಣಿಕೆಗೇ ಸಿಗದೆ ಹೋಗಬಹುದಲ್ಲವೇ?

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಈ ಜಾಡಮಾಲಿಯು ‘ಇದರಿಂದ ಮುಂದೆ ಉಪಯೋಗವುಂಟೇ?’ ಎಂದು ಎಲ್ಲಿಯೂ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರವಿಲ್ಲವೆಂದು ಅವನ ಗುರುಗಳಿಗೆ ಗೊತ್ತು. ಒಂದು ಪ್ರೋಗ್ರಾಂ ಮುಂದೆ ಏನು ಮಾಡೀತೆಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಮುಂಚಿತವಾಗಿ ಹೇಳಬಲ್ಲ ಸರ್ವಸಾಧಾರಣ ವಿಧಾನ ಸಾಧ್ಯವಿಲ್ಲವೆಂಬುದು ಅಲನ್ ಟ್ಯೂರಿಂಗ್ ಅವರ 1936ರ ಸಿದ್ಧಾಂತದಿಂದ ಹೊರಡುವ ಮಾತು. ಆದ್ದರಿಂದ ಅವನು ವಿನಯದಿಂದ ಬೇರೊಂದು ಪ್ರಶ್ನೆಯನ್ನು ಕೇಳುತ್ತಾನೆ: ‘ಇದರ ಬಳಿಗೆ ಹೋಗಲು ಯಾರಿಗಾದರೂ ದಾರಿಯುಂಟೇ?’ ಒಂದೇ ಒಂದು ಕಾಲುದಾರಿ ಇದ್ದರೂ ಸಾಕು, ಅವನು ಅದನ್ನು ಮುಟ್ಟುವುದಿಲ್ಲ. 1988ರಲ್ಲಿ ಹ್ಯಾನ್ಸ್ ಬೋಮ್ ಮತ್ತು ಮಾರ್ಕ್ ವೈಸರ್ ಎಂಬವರು ಈ ಎಚ್ಚರವನ್ನು ಇನ್ನೂ ಮುಂದಕ್ಕೆ ಒಯ್ದರು. ಸ್ಮೃತಿಯಲ್ಲಿ ಕಂಡ ಸಂಖ್ಯೆಯೊಂದು ಬರಿಯ ಲೆಕ್ಕದ ಅಂಕಿಯೋ ಮನೆಯ ವಿಳಾಸವೋ ಎಂಬ ಸಂದೇಹ ಬಂದರೆ ಅದನ್ನು ವಿಳಾಸವೆಂದೇ ಎಣಿಸು, ಆ ಮನೆಯನ್ನು ಉಳಿಸು ಎಂಬುದು ಅವರ ಕಟ್ಟಳೆ. ಇದರಿಂದ ಒಂದಿಷ್ಟು ಕಸ ಒಳಗೇ ಉಳಿಯುತ್ತದೆ, ಉಳಿಯಲಿ. ಉಳಿದ ಕಸದಿಂದ ಸ್ವಲ್ಪ ಜಾಗ ನಷ್ಟ. ತಪ್ಪಿ ಹೋದ ಜೀವಕ್ಕೆ ಪರಿಹಾರವೇ ಇಲ್ಲ. ಎರಡು ತಪ್ಪುಗಳು ಸಮತೂಕದವಲ್ಲವೆಂಬುದನ್ನು ಯಂತ್ರಶಾಸ್ತ್ರವೇ ಹೀಗೆ ಒಪ್ಪಿಕೊಂಡಿತು.

ಈ ಕಥೆಯಲ್ಲಿ ಮತ್ತೊಬ್ಬ ಪಾತ್ರಧಾರಿಯಿದ್ದಾನೆ. ಮನುಷ್ಯರು ಬರೆದ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಅನುವಾದಕ ಅವನು. ಕಂಪೈಲರ್ ಎಂದು ಅವನ ಹೆಸರು. ಮೂಲದಲ್ಲಿ ಇದು ಸಂಬಳ, ಇದು ವಿಳಾಸ ಎಂಬ ಭೇದ ಸ್ಪಷ್ಟವಾಗಿರುತ್ತದೆ. ಅನುವಾದವಾದ ಮೇಲೆ ಎಲ್ಲವೂ ಬರಿಯ ಸೊನ್ನೆ ಮತ್ತು ಒಂದು. ಆದಕಾರಣ ಒಳ್ಳೆಯ ಕಂಪೈಲರ್ ಅನುವಾದ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಯಾವ ನಿಲುಗಡೆಯಲ್ಲಿ ಯಾವ ಯಾವ ಸ್ಥಾನಗಳಲ್ಲಿ ವಿಳಾಸಗಳಿವೆಯೆಂಬ ಪಟ್ಟಿಯೊಂದನ್ನು ಬರೆದು ಜಾಡಮಾಲಿಯ ಕೈಗೆ ಕೊಡುತ್ತದೆ. ಆ ಪಟ್ಟಿ ಇದ್ದರೆ ಅವನು ನಿಶ್ಚಿಂತೆಯಿಂದ ಗುಡಿಸಬಹುದು. ಇಲ್ಲದಿದ್ದರೆ ಊಹೆಯ ಮೇಲೆ ನಡೆಯಬೇಕು. ಅನುವಾದದಲ್ಲಿ ಕಳೆದುಹೋಗುವುದೇನೆಂಬುದನ್ನು ಬಲ್ಲವನು ಅನುವಾದಕನೊಬ್ಬನೇ. ಅದನ್ನು ಬರೆದಿಡುವ ಋಣವೂ ಅವನದೇ.

ಈ ಋಣದ ಮಾತು ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಾನು ಹೇಳುತ್ತಿರುವ ಮೂರು ತಾಲ್ಲೂಕುಗಳೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಸಂಸ್ಥಾನದ ಆಡಳಿತ ನಡೆಯುತ್ತಿದ್ದುದು ಉರ್ದುವಿನಲ್ಲಿ. ಹೊಲದ ಮೇರೆ, ಬಾವಿಯ ಪಾಲು, ಇನಾಮಿನ ಕರಾರು ಎಲ್ಲವೂ ಆ ಲಿಪಿಯಲ್ಲಿ. ಆಡಳಿತ ಕನ್ನಡಕ್ಕೆ ಬಂದಿತು, ಬರಬೇಕಾದುದೇ ನ್ಯಾಯ. ಆದರೆ ಹಳೆಯ ಕಾಗದವನ್ನು ಓದಬಲ್ಲವರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಹೋಯಿತು. ಕಾಗದವೇನೋ ಗಂಟಿನಲ್ಲಿಯೇ ಇದೆ. ಅದರಲ್ಲಿ ಒಬ್ಬ ಮುದುಕಿಯ ಎರಡೆಕರೆಯ ಹಕ್ಕು ಜೀವಂತವಾಗಿಯೇ ಇರಬಹುದು. ಆದರೆ ಅಲ್ಲಿಗೆ ಹೋಗುವ ದಾರಿಯೆಂದರೆ ಓದಬಲ್ಲ ಒಂದು ಜೊತೆ ಕಣ್ಣು. ಆ ಕಣ್ಣು ಮುಚ್ಚಿದ ದಿನ ಹಕ್ಕೂ ರದ್ದಿಯಾಗುತ್ತದೆ.

ಇಲ್ಲಿಗೆ ಬಂದಾಗ ಯಂತ್ರದ ನ್ಯಾಯಕ್ಕೂ ಮನುಷ್ಯನ ನ್ಯಾಯಕ್ಕೂ ಇರುವ ಅಂತರ ಕಾಣಿಸತೊಡಗುತ್ತದೆ. ಯಂತ್ರದಲ್ಲಿ ದಾರಿ ಕಳೆದುಕೊಂಡ ಮನೆಗೆ ಮತ್ತೆ ದಾರಿ ಹುಟ್ಟುವುದಿಲ್ಲ. ಆದ್ದರಿಂದ ಅದನ್ನು ಗುಡಿಸುವುದರಲ್ಲಿ ಪಾಪವಿಲ್ಲ. ಮನುಷ್ಯರ ಲೋಕದಲ್ಲಿ ಹಾಗಲ್ಲ. ಜೇವರ್ಗಿಗೆ ನೆರೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಂಡೆಯ ಮೇಲೆ ಸನ್ನತಿಯೆಂಬ ಊರಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಕಾದೇವಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಮಾಳಿಗೆ ಕುಸಿದು ವಿಗ್ರಹ ಭಗ್ನವಾಯಿತು. ತೆರವು ಮಾಡುವಾಗ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕ ಚಕ್ರವರ್ತಿಯ ಶಾಸನ! ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕಲ್ಲಿನ ಎರಡು ಮುಖಗಳಲ್ಲಿಯೂ ಬರಹ. ವಿಗ್ರಹವನ್ನು ನಿಲ್ಲಿಸಲೆಂದು ಯಾವ ಕಾಲದಲ್ಲಿಯೋ ನಡುವೆ ಕೊರೆದ ಕುಳಿಯಲ್ಲಿ ಒಂದಿಷ್ಟು ಅಕ್ಷರಗಳು ಶಾಶ್ವತವಾಗಿ ಹೋಗಿಬಿಟ್ಟಿವೆ.

ಆ ಕುಳಿಯನ್ನು ಕೊರೆದ ಕಲ್ಲುಕುಟಿಗನನ್ನು ನಾವು ದೂಷಿಸಲಾಗದು. ಅವನ ಕಾಲಕ್ಕೆ ಬ್ರಾಹ್ಮಿಯನ್ನು ಓದುವವರು ಯಾರೂ ಉಳಿದಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿದುದು 1837ರಲ್ಲಿ. ಅವನ ಕಣ್ಣಿಗೆ ಅದು ಗಟ್ಟಿಯಾದ, ಹದವಾದ ಒಂದು ಚಪ್ಪಡಿ. ಖಾಲಿ ಮನೆಯೆಂದು ತಿಳಿದು ಹೊಸ ಒಕ್ಕಲನ್ನು ಕೂರಿಸಿದ, ಅಷ್ಟೆ. ಆದರೆ ಅವನು ಅದನ್ನು ಒಡೆದು ಜಲ್ಲಿ ಮಾಡಲಿಲ್ಲವೆಂಬುದನ್ನೂ ನೆನೆಯಬೇಕು. ದೇವಿಯ ಪಾದದ ಕೆಳಗೆ ಇದ್ದುದರಿಂದಲೇ ಅದು ಬಿಸಿಲು ಮಳೆಗಳಿಂದ ಉಳಿಯಿತು. ಆ ಕಲ್ಲಿನ ಮೇಲೆ ಇರುವ ಶಾಸನಗಳಲ್ಲಿ ಒಂದು, ಅನ್ಯರ ಮತವನ್ನು ಗೌರವಿಸಿರೆಂದು ಬೋಧಿಸುವ ಹನ್ನೆರಡನೆಯ ಶಿಲಾಶಾಸನ. ಬೌದ್ಧನಾದ ದೊರೆಯ ಆ ಮಾತನ್ನು ಶಾಕ್ತರ ದೇವತೆಯೊಬ್ಬಳು ತನ್ನ ಪೀಠದಲ್ಲಿಟ್ಟು ಕಾಪಾಡಿಕೊಟ್ಟಳು. ಅಲ್ಲಿಗೆ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದಾಗ ಸ್ತೂಪದ ಅವಶೇಷಗಳೂ, ಹೆಸರು ಬರೆದ ಅಶೋಕನ ಶಿಲ್ಪವೂ ದೊರೆತವು. ಸಾವಿರಾರು ವರ್ಷ ದಾರಿಯಿಲ್ಲದೆ ಇದ್ದ ಮನೆಗೆ ಹೀಗೆ ದಾರಿಯಾಯಿತು. ಆದ್ದರಿಂದ ಮನುಷ್ಯನು ‘ದಾರಿಯಿಲ್ಲ’ ಎಂದಾಗ, ದಾರಿ ನಿಜವಾಗಿಯೂ ಇಲ್ಲವೋ, ತನಗೆ ಕಾಣದೋ ಎಂದು ಎರಡನೆಯ ಸಲ ಕೇಳಿಕೊಳ್ಳಬೇಕಾಗುತ್ತದೆ.

ಹಾಗಾದರೆ ಏನನ್ನೂ ಬಿಸಾಡದಿರುವುದೇ ಧರ್ಮವೇ? ಅದೂ ಸಲ್ಲದು. ಬಿಡುವುದನ್ನು ಅರಿಯದ ಮನೆಯಲ್ಲಿ ಬಾಳುವುದಕ್ಕೆ ಎಡೆಯಿರುವುದಿಲ್ಲ. ಯಂತ್ರದಲ್ಲಿಯೂ, ದಾರಿಯೇನೋ ಇದೆ ಆದರೆ ಯಾರೂ ಹೋಗುವುದಿಲ್ಲ ಎಂಬಂಥ ಮನೆಗಳು ಬೆಳೆಯುತ್ತ ಹೋಗಿ ಕೊನೆಗೆ ಉಸಿರು ಕಟ್ಟಿಸುತ್ತವೆ. 1960ರಲ್ಲಿಯೇ ಜಾರ್ಜ್ ಕಾಲಿನ್ಸ್ ಎಂಬವರು ಬೇರೊಂದು ಕ್ರಮವನ್ನು ಸೂಚಿಸಿದ್ದರು: ಪ್ರತಿ ಮನೆಯನ್ನೂ ಎಷ್ಟು ಜನ ನೆನೆಯುತ್ತಿದ್ದಾರೆಂದು ಲೆಕ್ಕವಿಟ್ಟು, ಲೆಕ್ಕ ಸೊನ್ನೆಯಾದೊಡನೆ ತೆರವು ಮಾಡುವುದು. ಸುಲಭವಾದ ಕ್ರಮವೇ. ಆದರೆ ಅದಕ್ಕೊಂದು ಕುಂದುಂಟು. ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರೆ, ಲೋಕಕ್ಕೆಲ್ಲ ಅವರು ಬೇಡವಾದರೂ ಅವರ ಲೆಕ್ಕ ಎಂದಿಗೂ ಸೊನ್ನೆಯಾಗುವುದಿಲ್ಲ. ನಮ್ಮ ಸನ್ಮಾನ ಸಮಾರಂಭಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವನು ಅವನಿಗೆ ಹಾರ ಹಾಕುತ್ತಾನೆ, ಅವನು ಇವನಿಗೆ ಮುನ್ನುಡಿ ಬರೆಯುತ್ತಾನೆ. ಇಬ್ಬರೂ ಸ್ಮೃತಿಯಲ್ಲಿ ಚಿರಂಜೀವಿಗಳು!

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಬೇರುಗಳಿಗೆ ಸಂಬಂಧಿಸಿದ್ದು. ಯಂತ್ರಕ್ಕೆ ಬೇರುಗಳು ಯಾವುವೆಂಬುದು ಮೊದಲೇ ನಿಶ್ಚಿತವಾಗಿದೆ. ಸಮಾಜಕ್ಕೆ? ಎಣಿಕೆಯನ್ನು ಅರಮನೆಯಿಂದ, ಮಠದಿಂದ, ಅಕ್ಷರ ಬಲ್ಲವರ ಪಡಸಾಲೆಯಿಂದ ಹೊರಡಿಸಿದರೆ ಕೆಲವು ಕೇರಿಗಳವರೆಗೆ ದಾರಿಯೇ ಹೋಗುವುದಿಲ್ಲ. 1973ರ ನವೆಂಬರಿನಲ್ಲಿ ಅಂದಿನ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದುದು, ಅದರಿಂದ ಎದ್ದ ಗದ್ದಲ, ಅವರು ಪದವಿಯನ್ನು ಬಿಟ್ಟುದು ಹಿರಿಯ ಓದುಗರಿಗೆ ನೆನಪಿರಬಹುದು. ಕನ್ನಡ ಪಾಠ ಹೇಳಿ ಬದುಕುವ ನನಗೆ ಆ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಆದರೆ ಆ ಮಾತಿನ ಹಿಂದಿನ ಪ್ರಶ್ನೆ ಇಂದಿಗೂ ನಿಂತಿದೆ. ಕಾಳು ಯಾವುದು, ಹೊಟ್ಟು ಯಾವುದು ಎಂದು ಇಷ್ಟು ಕಾಲ ಕೇರಿದವರು ಯಾರು? ಅವರ ಮೊರಕ್ಕೆ ಬಾರದೆ ಹೋದ ದನಿಗಳೆಷ್ಟು? ಆ ಗದ್ದಲದ ಬಳಿಕ ದಲಿತ ಲೇಖಕರು ಬರೆದುದನ್ನು ಓದಿದಾಗ, ಬೇರುಗಳ ಪಟ್ಟಿಯೇ ಅಪೂರ್ಣವಾಗಿತ್ತೆಂಬುದು ತಿಳಿಯುತ್ತದೆ.

ಇದೆಲ್ಲ ಗ್ರಂಥದ, ಕಲ್ಲಿನ ಮಾತಾಯಿತು. ಹೆಸರು ಅಳಿಸುವುದೆಂದರೆ ಮನುಷ್ಯನನ್ನೇ ಅಳಿಸುವುದೆನ್ನುವ ಪ್ರಸಂಗವೂ ನಮ್ಮ ಆಳಂದದಲ್ಲಿಯೇ ನಡೆಯಿತು. ಮತದಾರರ ಪಟ್ಟಿಯೆಂಬುದು ಕಾಲಕಾಲಕ್ಕೆ ಗುಡಿಸಲೇಬೇಕಾದ ಅಂಗಳ. ತೀರಿಕೊಂಡವರ ಹೆಸರು ಉಳಿದರೆ ಸತ್ತವರೂ ಮತ ಹಾಕಿಯಾರು. ಊರು ಬಿಟ್ಟವರ ಹೆಸರು ಉಳಿದರೆ ಒಬ್ಬನಿಗೆ ಎರಡು ಮತವಾದೀತು. ಅದಕ್ಕಾಗಿಯೇ ಹೆಸರು ತೆಗೆಯಲು ಅರ್ಜಿ ಕೊಡುವ ಏಳನೆಯ ನಮೂನೆಯಿದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಇಂಥ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಅವುಗಳಲ್ಲಿ ಸರಿಯಾಗಿದ್ದುವು 24. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು. 2023ರ ಫೆಬ್ರವರಿಯಲ್ಲಿ ಆಳಂದದ ಪೊಲೀಸ್ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಯಾರು ಮಾಡಿದರು, ಏಕೆ ಮಾಡಿದರು ಎಂಬುದನ್ನು ಹೇಳುವುದು ನ್ಯಾಯಾಲಯದ ಕೆಲಸ. ನಮ್ಮ ವಿಚಾರಕ್ಕೆ ಬೇಕಾದುದು ಆ ಎರಡು ಅಂಕಿಗಳು. ಆರು ಸಾವಿರ ಸಲ ‘ಇದು ಕಸ’ ಎಂಬ ಫಿರ್ಯಾದು ಬಂದಿತು. ಇಪ್ಪತ್ತನಾಲ್ಕು ಸಲ ಮಾತ್ರ ಅದು ದಿಟವಾಗಿತ್ತು.

ಆ ಹೆಸರುಗಳನ್ನು ಉಳಿಸಿದುದು ಯಾವ ಯಂತ್ರದ ಜಾಣತನವೂ ಅಲ್ಲ. ಯಾರೋ ಬಿಸಿಲಲ್ಲಿ ನಡೆದು ಹೋಗಿ ಬಾಗಿಲು ತಟ್ಟಿದರು. ಒಳಗಿನಿಂದ ‘ಇದ್ದೀನ್ರಿ’ ಎಂಬ ದನಿ ಬಂದಿತು. ಕೂತಲ್ಲಿಯೇ ಗುಂಡಿ ಒತ್ತಿ ಒಬ್ಬರ ಹೆಸರನ್ನು ಅಳಿಸಲು ಕೇಳಬಹುದು. ಇದ್ದಾರೆಂದು ತಿಳಿಯಲು ಅವರ ಬಾಗಿಲಿಗೇ ಹೋಗಬೇಕು. ಅಳಿಸುವ ಕೆಲಸ ಇಷ್ಟು ಹಗುರವಾದಾಗ ಉಳಿಸುವ ಹೊಣೆ ಅಷ್ಟೇ ಭಾರವಾಗುತ್ತದೆ. ಇನ್ನೂ ಒಂದು ಮಾತು. ಈ ಮೂರು ತಾಲ್ಲೂಕುಗಳಿಂದ ಮಳೆ ಕೈಕೊಟ್ಟ ವರ್ಷ ಜನರು ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಬಾಗಿಲು ತಟ್ಟಲು ಹೋದವರಿಗೆ ಬೀಗ ಎದುರಾಗುತ್ತದೆ. ಬೀಗ ಹಾಕಿದ ಮನೆಯೆಂದರೆ ಖಾಲಿ ಮನೆಯೇ? ಜಾತ್ರೆಗೋ ರಾಶಿಯ ಕಾಲಕ್ಕೋ ಅದೇ ಮನೆಯ ಒಲೆ ಮತ್ತೆ ಉರಿಯುತ್ತದೆ. ಬಡವನ ಮನೆಗೆ ಹೋಗುವ ದಾರಿ ವರ್ಷದ ಎಲ್ಲ ದಿನವೂ ತೆರೆದಿರುವುದಿಲ್ಲ. ಆ ಕಾರಣಕ್ಕಾಗಿಯೇ ಅವನು ಎಲ್ಲರಿಗಿಂತ ಮೊದಲು ಗುಡಿಸಲ್ಪಡುತ್ತಾನೆ. ಸಂದೇಹ ಬಂದಲ್ಲಿ ಉಳಿಸು ಎಂಬ ಕಟ್ಟಳೆಯನ್ನು ಸ್ಮೃತಿಯ ಒಂದು ಅಂಕಿಗೆ ಅನ್ವಯಿಸುವ ನಾವು, ಬೀಗ ಹಾಕಿದ ಮನೆಯ ಮುಂದೆ ಅದನ್ನು ಮರೆಯಬಹುದೇ?

ಇಷ್ಟು ಹೇಳಿದ ಮೇಲೆ ನನಗೆ ತೋರುವ ನಿರ್ಣಯ ಸರಳವಾದುದು. ಬಿಸಾಡುವುದು ಅನಿವಾರ್ಯ, ಆದರೆ ಅದು ಬಿಸಾಡುವವನ ಹಕ್ಕೆಂದು ಮೊದಲೇ ಹೊರಡಬಾರದು. ಇದು ಬೇಕೆಂದು ಸಾಧಿಸುವ ಭಾರವನ್ನು ಬಿಸಾಡಲ್ಪಡುವ ವಸ್ತುವಿನ ಮೇಲೋ ಮನುಷ್ಯನ ಮೇಲೋ ಹೇರದೆ, ಇದು ಬೇಡವೆಂದು ಸಾಧಿಸುವ ಭಾರವನ್ನು ಪೊರಕೆ ಹಿಡಿದವನೇ ಹೊರಬೇಕು. ಅವನು ಅವಸರದಲ್ಲಿ ಗುಡಿಸಬಾರದು. ಒಂದು ಗಳಿಗೆ ನಿಂತು ಎಣಿಸಬೇಕು. ಎಣಿಕೆ ಹೊರಡುವ ಬೇರುಗಳಲ್ಲಿ ಯಾರ ಹೆಸರು ಬಿಟ್ಟುಹೋಗಿದೆಯೆಂದು ವಿಚಾರಿಸಬೇಕು. ಹಳೆಯದನ್ನು ಹೊಸದಾಗಿ ಮಾಡುವವನು, ಭಾಷೆಯನ್ನಾಗಲಿ ದಫ್ತರವನ್ನಾಗಲಿ ಬದಲಿಸುವವನು, ಹಿಂದೆ ಯಾವುದು ಯಾವುದಕ್ಕೆ ಅಂಟಿಕೊಂಡಿತ್ತೆಂಬ ಟಿಪ್ಪಣಿಯನ್ನು ಮುಂದಿನವರಿಗೆ ಬಿಟ್ಟು ಹೋಗಬೇಕು.

ನಮ್ಮ ಎರೆಸೀಮೆಯ ಹೊಲಗಳಲ್ಲಿ ಹಕ್ಕಲು ಆಯುವುದೆಂಬ ಪದ್ಧತಿಯುಂಟು. ಒಡೆಯನು ಕೊಯ್ದು, ಕಟ್ಟಿ, ಕಣಕ್ಕೆ ಸಾಗಿಸಿದ ಮೇಲೆ ಅವನ ಲೆಕ್ಕಕ್ಕೆ ಆ ಹೊಲ ಖಾಲಿ. ಆಮೇಲೆ ಊರಿನ ಬಡ ಹೆಂಗಸರು ಬಂದು, ಸಾಲು ಸಾಲಾಗಿ ಬಗ್ಗಿ, ಕೂಳೆಗಳ ನಡುವೆ ಬಿದ್ದ ತೆನೆಗಳನ್ನು ಆಯ್ದು ಉಡಿಯಲ್ಲಿ ತುಂಬಿಕೊಳ್ಳುತ್ತಾರೆ. ಖಾಲಿಯೆಂದು ಲೆಕ್ಕ ಬರೆದ ಹೊಲದಿಂದ ಅಂದು ಸಂಜೆ ಅವರ ಮನೆಯಲ್ಲಿ ರೊಟ್ಟಿಯಾಗುತ್ತದೆ. ತನ್ನ ಲೆಕ್ಕ ಮುಗಿದ ಮೇಲೆಯೂ ಇನ್ನೊಬ್ಬರ ಲೆಕ್ಕ ಉಳಿದಿರುತ್ತದೆಂದು ಒಪ್ಪಿ, ಹೊಲದ ಬೇಲಿಯನ್ನು ಅಷ್ಟು ಹೊತ್ತು ತೆರೆದಿಡುವ ಒಡೆಯನಿಗೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಒಳ್ಳೆಯ ಹೆಸರಿದೆ.